ಕನ್ನಡಿ ಹಾಗೆ ಹೊಳೆಯುವ ಬೆಳ್ಳಿ ಡಾಲರ್: ಪ್ರೂಫ್ ಹೌದೋ ಅಲ್ಲವೋ?

ಪ್ರಶ್ನೆ: ನಮ್ಮ ದೊಡ್ಡಪ್ಪ ಬಹಳ ವರ್ಷ ಕ್ಯಾಲಿಫೋರ್ನಿಯಾದಲ್ಲಿ ಕೆಲಸದಲ್ಲಿದ್ದು ಶಿವಮೊಗ್ಗಕ್ಕೆ ವಾಪಸ್ ಬಂದಿದ್ದರು. ಅವರು ತೀರಿಕೊಂಡ ಮೇಲೆ ಬೀರುವಿನಲ್ಲಿ ಮೂರು ಅಮೆರಿಕನ್ ಬೆಳ್ಳಿ ಡಾಲರ್ ಸಿಕ್ಕಿವೆ. ಒಂದು 1881ರದ್ದು, ಹಿಂಬದಿಯಲ್ಲಿ ಸಣ್ಣ ‘ಎಸ್’ ಅಕ್ಷರ ಇದೆ, ಮುಖ ನೋಡಿಕೊಳ್ಳುವಷ್ಟು ಹೊಳಪು. ಇನ್ನೊಂದು 1896ರದ್ದು, ಯಾವ ಅಕ್ಷರವೂ ಇಲ್ಲ, ಬೆಳ್ಳಗಿದೆ ಆದರೆ ಕನ್ನಡಿಯ ಹಾಗಿಲ್ಲ. ಮೂರನೆಯದು 1972ರದ್ದು, ಕಂದು ಡಬ್ಬಿಯೊಳಗಿದೆ. ಒಬ್ಬ ವ್ಯಾಪಾರಿ 1881ರದ್ದು ಪ್ರೂಫ್ ನಾಣ್ಯ, ಲಕ್ಷಗಟ್ಟಲೆ ಬೆಲೆ ಅಂದರು. ಇನ್ನೊಬ್ಬರು ಯಾರೋ ಪಾಲಿಶ್ ಮಾಡಿಸಿದ್ದಾರೆ, ಬೆಳ್ಳಿಯ ತೂಕದ ಬೆಲೆ ಅಷ್ಟೇ ಅಂದರು. ಯಾರ ಮಾತು ನಂಬಲಿ? ನಾನೇ ನೋಡಿ ತಿಳಿದುಕೊಳ್ಳಲು ಆಗುತ್ತದಾ?

ಉತ್ತರ: ಖಂಡಿತ ಆಗುತ್ತದೆ. ಹತ್ತು ಪಟ್ಟು ದೊಡ್ಡದು ಮಾಡಿ ತೋರಿಸುವ ಒಂದು ಭೂತಗನ್ನಡಿ, ಒಂದು ಬಲ್ಬು, ಸ್ವಲ್ಪ ತಾಳ್ಮೆ ಇದ್ದರೆ ಸಾಕು. ನೀವು ಬರೆದದ್ದನ್ನು ನೋಡಿದರೆ ಆ ಇಬ್ಬರ ಮಾತೂ ಪೂರ್ತಿ ಸರಿ ಇರಲಿಕ್ಕಿಲ್ಲ.

ಮೊದಲು ಒಂದು ತಪ್ಪು ತಿಳಿವಳಿಕೆ ಬಿಡೋಣ. ಪ್ರೂಫ್ ಅಂದರೆ ಚೆನ್ನಾಗಿರುವ ನಾಣ್ಯ ಅಂತಲ್ಲ, ಹೊಳೆಯುವ ನಾಣ್ಯ ಅಂತಲೂ ಅಲ್ಲ. ಅದು ನಾಣ್ಯವನ್ನು ತಯಾರಿಸಿದ ರೀತಿಯ ಹೆಸರು. ಸಂಗ್ರಾಹಕರಿಗೆ ಅಂತಲೇ ಬೇರೆಯಾಗಿ, ನಿಧಾನವಾಗಿ ಒತ್ತಿದ ನಾಣ್ಯ ಅದು. ಹಾಗೆ ಹುಟ್ಟಿದ್ದು ಜೇಬಿನಲ್ಲಿ ಸವೆದು ಮಂಕಾದರೂ ಪ್ರೂಫ್ ಆಗಿಯೇ ಉಳಿಯುತ್ತದೆ. ಹಾಗೆ ಹುಟ್ಟದ್ದನ್ನು ಎಷ್ಟೇ ಉಜ್ಜಿದರೂ ಪ್ರೂಫ್ ಆಗುವುದಿಲ್ಲ. ಆದ್ದರಿಂದಲೇ ನಾಣ್ಯಕ್ಕೆ ದರ್ಜೆ ಕೊಡುವ ಪಿಸಿಜಿಎಸ್, ಎನ್‌ಜಿಸಿಯಂಥ ಸಂಸ್ಥೆಗಳು ಮಾಮೂಲಿ ನಾಣ್ಯಕ್ಕೂ ಪ್ರೂಫ್‌ಗೂ ಬೇರೆ ಬೇರೆ ಅಕ್ಷರ ಬಳಸುತ್ತವೆ. ಹೊಸತಾಗಿಯೇ ಉಳಿದಿರುವ ಮಾಮೂಲಿ ನಾಣ್ಯಕ್ಕೆ ‘ಎಂಎಸ್’. ಪ್ರೂಫ್‌ಗೆ ‘ಪಿಆರ್’ ಅಥವಾ ‘ಪಿಎಫ್’. ನಾಣ್ಯ ಎಷ್ಟು ಚೆನ್ನಾಗಿ ಉಳಿದಿದೆ ಅಂತ ಹೇಳುವ, ಎಪ್ಪತ್ತರವರೆಗಿನ ಅಂಕಿ ಬರುವುದು ಆಮೇಲೆ.

ಈಗ ನಿಮ್ಮ 1881ರ ನಾಣ್ಯ. ಅದು ಮಾರ್ಗನ್ ಡಾಲರ್. ಇಂಗ್ಲೆಂಡಿನಿಂದ ಅಮೆರಿಕಕ್ಕೆ ಬಂದ ಜಾರ್ಜ್ ಮಾರ್ಗನ್ ಎಂಬ ಕೆತ್ತನೆಗಾರ ಅದರ ಚಿತ್ರ ಮಾಡಿದ್ದು. 1878ರಿಂದ 1904ರವರೆಗೆ, ಮತ್ತೆ 1921ರಲ್ಲಿ ಇವನ್ನು ಒತ್ತಿದರು. ತೂಕ 26.73 ಗ್ರಾಂ, ಅಡ್ಡಳತೆ 38.1 ಮಿಲಿಮೀಟರ್, ನೂರಕ್ಕೆ 90 ಪಾಲು ಬೆಳ್ಳಿ, ಉಳಿದದ್ದು ತಾಮ್ರ. ಹಿಂಬದಿಯ ಹದ್ದಿನ ಕೆಳಗೆ ಎಲೆಯ ಹಾರ ಇದೆ, ಅಲ್ವಾ? ಆ ಹಾರ ಕಟ್ಟಿದ ರಿಬ್ಬನ್ ಗಂಟಿನ ಕೆಳಗಿರುವ ಅಕ್ಷರ, ಯಾವ ಊರಿನ ಟಂಕಸಾಲೆಯಲ್ಲಿ ಒತ್ತಿದ್ದು ಅಂತ ಹೇಳುತ್ತದೆ. ‘ಎಸ್’ ಅಂದರೆ ಸ್ಯಾನ್ ಫ್ರಾನ್ಸಿಸ್ಕೊ. ‘ಒ’ ಅಂದರೆ ನ್ಯೂ ಆರ್ಲಿಯನ್ಸ್. ‘ಸಿಸಿ’ ಅಂದರೆ ಕಾರ್ಸನ್ ಸಿಟಿ. ಅಕ್ಷರವೇ ಇಲ್ಲದಿದ್ದರೆ ಫಿಲಡೆಲ್ಫಿಯಾ.

ಆ ಕಾಲದಲ್ಲಿ ಸಂಗ್ರಾಹಕರಿಗೆ ಪ್ರೂಫ್ ಒತ್ತಿ ಮಾರುತ್ತಿದ್ದದ್ದು ಫಿಲಡೆಲ್ಫಿಯಾ ಮಾತ್ರ. 1881ರಲ್ಲಿ ಅಲ್ಲಿ ಒತ್ತಿದ ಪ್ರೂಫ್ ಡಾಲರ್ 984. ಅವುಗಳಲ್ಲಿ ಒಂದರ ಮೇಲೂ ‘ಎಸ್’ ಇಲ್ಲ. ಸ್ಯಾನ್ ಫ್ರಾನ್ಸಿಸ್ಕೊ ಅದೇ ವರ್ಷ 1 ಕೋಟಿ 27 ಲಕ್ಷಕ್ಕೂ ಜಾಸ್ತಿ ಮಾಮೂಲಿ ಡಾಲರ್ ಒತ್ತಿತು. ನಿಮ್ಮದು ಆ ರಾಶಿಯಲ್ಲಿ ಒಂದು. ಹಾಗಾಗಿ ಮೊದಲ ವ್ಯಾಪಾರಿಯ ಮಾತು ಇಲ್ಲಿಗೇ ಮುಗಿಯಿತು. ನ್ಯೂ ಆರ್ಲಿಯನ್ಸ್‌ನಲ್ಲಿ 1879 ಮತ್ತು 1883ರಲ್ಲಿ, ಕಾರ್ಸನ್ ಸಿಟಿಯಲ್ಲಿ 1893ರಲ್ಲಿ, ಹನ್ನೆರಡು ಹನ್ನೆರಡರಂತೆ ವಿಶೇಷ ಪ್ರೂಫ್ ಒತ್ತಿದರು ಅಂತ ಸಂಗ್ರಾಹಕರು ಹೇಳುತ್ತಾರೆ. ಆದರೆ ಅಂಥ ನಾಣ್ಯಗಳು ಕೈಬೆರಳಲ್ಲಿ ಎಣಿಸುವಷ್ಟು, ಬೀರುವಿನಲ್ಲಿ ಆಕಸ್ಮಿಕವಾಗಿ ಸಿಗುವಂಥವಲ್ಲ.

ಹಾಗಾದರೆ ಆ ಕನ್ನಡಿ ಹೊಳಪು ಎಲ್ಲಿಂದ ಬಂತು? ಎರಡು ದಾರಿ ಇದೆ. ಒಂದು, ಟಂಕಸಾಲೆಯಿಂದಲೇ ಹಾಗೆ ಬಂದಿರಬಹುದು. ಇನ್ನೊಂದು, ಯಾರೋ ಉಜ್ಜಿರಬಹುದು. ಇವೆರಡನ್ನೂ ಬೇರೆ ಮಾಡಿ ನೋಡುವುದರಲ್ಲೇ ನಿಮ್ಮ ನಾಣ್ಯದ ಬೆಲೆ ಇರುವುದು. ಅದಕ್ಕೆ ಅಚ್ಚಿನ ವಿಷಯ ಸ್ವಲ್ಪ ಹೇಳಬೇಕು.

ನಾಣ್ಯ ಒತ್ತುವ ಉಕ್ಕಿನ ಅಚ್ಚನ್ನು ಬಳಸುವ ಮೊದಲು ಅದರ ಮುಖವನ್ನು ತಿರುಗುವ ತಟ್ಟೆಯ ಮೇಲೆ ಹಿಡಿದು ಉಜ್ಜಿ ನಯ ಮಾಡುತ್ತಿದ್ದರು. ಅಂಥ ಹೊಸ ಅಚ್ಚಿನಿಂದ ಬಂದ ಮೊದಮೊದಲ ನಾಣ್ಯಗಳ ಖಾಲಿ ಜಾಗ ಕನ್ನಡಿಯ ಹಾಗೆ ಹೊಳೆಯುತ್ತದೆ. ಒತ್ತುತ್ತಾ ಹೋದ ಹಾಗೆ ಬೆಳ್ಳಿ ಪ್ರತಿ ಸಲ ನಡುವಿನಿಂದ ಅಂಚಿನ ಕಡೆಗೆ ಹರಿಯುತ್ತದೆ. ಅಚ್ಚಿನ ಮೇಲೆ ಕಣ್ಣಿಗೆ ಕಾಣದಷ್ಟು ಸಣ್ಣ ಗೆರೆಗಳು ಬೀಳುತ್ತವೆ. ಕನ್ನಡಿ ಹೋಗಿ ರೇಷ್ಮೆಯಂಥ ಬಿಳಿ ಹೊಳಪು ಬರುತ್ತದೆ. ನಾಣ್ಯವನ್ನು ಬಲ್ಬಿನ ಕೆಳಗೆ ಓಲಾಡಿಸಿದರೆ ಆ ಬೆಳಕು ಗಾಡಿ ಚಕ್ರದ ಕಡ್ಡಿಗಳ ಹಾಗೆ ಸುತ್ತು ಹಾಕುತ್ತದೆ. ನಿಮ್ಮ 1896ರ ನಾಣ್ಯದಲ್ಲಿ ಅದನ್ನು ನೀವೇ ನೋಡಬಹುದು. ಟ್ಯೂಬ್‌ಲೈಟ್ ಬೇಡ, ಬೆಳಕು ಹರಡಿಹೋಗಿ ಏನೂ ತಿಳಿಯುವುದಿಲ್ಲ. ಒಂದೇ ಬಲ್ಬು ಇರಲಿ.

ಹೊಸ ಅಚ್ಚಿನ ಆ ಮೊದಲ ನಾಣ್ಯಗಳನ್ನು ‘ಪ್ರೂಫ್‌ಲೈಕ್’ ಅನ್ನುತ್ತಾರೆ. ಪ್ರೂಫ್ ಹಾಗೆ ಕಾಣುವ ಮಾಮೂಲಿ ನಾಣ್ಯ ಅಂತ ಅರ್ಥ. ಸ್ಯಾನ್ ಫ್ರಾನ್ಸಿಸ್ಕೊದ 1878ರಿಂದ 1882ರವರೆಗಿನ ಡಾಲರ್‌ಗಳು ಇದಕ್ಕೆ ಹೆಸರುವಾಸಿ, ಅದರಲ್ಲೂ 1881. ಅಲ್ಲಿನ ಕೆಲಸ ಅಷ್ಟು ಅಚ್ಚುಕಟ್ಟು. ಈ ಒಂದು ವರ್ಷದ ನಾಣ್ಯವನ್ನು ಹಿಡಿದರೆ ನನಗೆ ಇವತ್ತಿಗೂ ಖುಷಿ ಆಗುತ್ತದೆ. ಕೋಟಿಗಟ್ಟಲೆ ಒತ್ತಿದ ಮಾಲು ಇಷ್ಟು ಚೆಂದ ಬಂದದ್ದು ಕಡಿಮೆ.

ಈಗ ಭೂತಗನ್ನಡಿ ಕೈಗೆ ತೆಗೆದುಕೊಳ್ಳಿ. ನಾಣ್ಯವನ್ನು ಅಂಚಿನಲ್ಲಿ ಮಾತ್ರ ಹಿಡಿಯಿರಿ, ಕೆಳಗೆ ದಿಂಬೋ ಟವೆಲ್ಲೋ ಇರಲಿ. ಮುಂಬದಿಯಲ್ಲಿರುವ ಹೆಣ್ಣಿನ ಮುಖದ ಮುಂದಿನ ಖಾಲಿ ಜಾಗವನ್ನು ನೋಡಿ. ಅಲ್ಲಿ ಕೂದಲೆಳೆಯಂಥ ಗೆರೆಗಳು ಕಾಣಬಹುದು. ಗಾಬರಿ ಬೇಡ. ಆ ಗೆರೆ ಉಬ್ಬಿದೆಯಾ, ತಗ್ಗಿದೆಯಾ ಅನ್ನುವುದೇ ಪ್ರಶ್ನೆ. ಒಂದು ಗೆರೆಯನ್ನು ಹಿಡಿದು ಅದು ಹತ್ತಿರದ ಅಕ್ಷರದವರೆಗೆ ಹೋಗುವುದನ್ನು ನೋಡಿ. ಗೆರೆ ಅಕ್ಷರದ ಬುಡದಲ್ಲಿ ನಿಂತು, ಅಕ್ಷರದ ಆಚೆ ಬದಿಯಲ್ಲಿ ಮತ್ತೆ ಶುರುವಾಗಿ, ಅಕ್ಷರದ ನೆತ್ತಿ ಮಾತ್ರ ನುಣ್ಣಗಿದ್ದರೆ ಅದು ಅಚ್ಚನ್ನು ಉಜ್ಜಿದಾಗ ಬಿದ್ದ ಗೆರೆ. ಯಾಕೆ ಅಂದರೆ, ನಾಣ್ಯದಲ್ಲಿ ಉಬ್ಬಿರುವ ಅಕ್ಷರ ಅಚ್ಚಿನಲ್ಲಿ ಹಳ್ಳ ಆಗಿರುತ್ತದೆ. ಅಚ್ಚನ್ನು ಉಜ್ಜುವಾಗ ಹಳ್ಳದ ತಳಕ್ಕೆ ಏನೂ ತಾಗುವುದಿಲ್ಲ. ಅಚ್ಚಿನಲ್ಲಿ ಬಿದ್ದ ಗೀರು ನಾಣ್ಯದಲ್ಲಿ ಉಬ್ಬು ಗೆರೆಯಾಗಿ ಬರುತ್ತದೆ.

ಯಾರಾದರೂ ನಾಣ್ಯವನ್ನೇ ಉಜ್ಜಿದ್ದರೆ ಇದೆಲ್ಲ ತಲೆಕೆಳಗು. ಬಟ್ಟೆ ಮೊದಲು ತಾಗುವುದು ಎತ್ತರದ ಜಾಗಕ್ಕೆ. ಗೀರುಗಳು ಖಾಲಿ ಜಾಗದಿಂದ ಹತ್ತಿ ಅಕ್ಷರದ ನೆತ್ತಿಯ ಮೇಲೆ, ಕೆನ್ನೆಯ ಮೇಲೆ, ಕಿವಿ ಮೇಲಿನ ಕೂದಲಿನ ಮೇಲೆ ಹಾದು ಹೋಗುತ್ತವೆ. ಅವು ತಗ್ಗಾಗಿರುತ್ತವೆ. ಅಕ್ಷರದ ಸಂದಿ ಮೂಲೆಗಳಲ್ಲಿ ಬಟ್ಟೆ ಹೋಗದೆ ಮಂಕು ಉಳಿದಿರುತ್ತದೆ, ಕೆಲವು ಸಲ ಒಣಗಿದ ಬಿಳಿ ಪುಡಿಯೂ ಸಿಗುತ್ತದೆ. ನಮ್ಮ ಮನೆಗಳಲ್ಲಿ ಹಬ್ಬಕ್ಕೆ ಮುಂಚೆ ಬೆಳ್ಳಿ ಸಾಮಾನನ್ನೆಲ್ಲ ವಿಭೂತಿ ಹಾಕಿ ತಿಕ್ಕಿ ಬೆಳಗುವುದು ರೂಢಿ. ಅದೇ ಪ್ರೀತಿಯಲ್ಲಿ ಹಳೆ ನಾಣ್ಯವನ್ನೂ ಬೆಳಗಿಬಿಡುತ್ತಾರೆ. ಹಾಗೆ ಬೆಳಗಿದ ಒಂದು ಮಾರ್ಗನ್ ಡಾಲರ್ ನನ್ನ ಕೈಗೆ ಬಂದಿತ್ತು. ದೂರದಿಂದ ನೋಡಿದರೆ ದೀಪ. ಭೂತಗನ್ನಡಿ ಹಿಡಿದರೆ ಕೆನ್ನೆಯ ತುಂಬ ಗುಂಡಗುಂಡಗೆ ಸುತ್ತಿದ ಗೀರು, ಅಕ್ಷರದ ಒಳಮೂಲೆಯಲ್ಲಿ ವಿಭೂತಿ. ಕೊಟ್ಟ ಅಜ್ಜಿಗೆ ಇದನ್ನು ಹೇಗೆ ಹೇಳುವುದು ಅಂತ ತಿಳಿಯದೆ ಬಹಳ ಹೊತ್ತು ಸುಮ್ನೆ ಕೂತಿದ್ದೆ. ಒಮ್ಮೆ ಹೋದ ಮೇಲ್ಮೈ ವಾಪಸ್ ಬರುವುದಿಲ್ಲ. ಆದ್ದರಿಂದ ವಿಭೂತಿ, ಹುಣಸೆಹಣ್ಣು, ಟೂತ್‌ಪೇಸ್ಟ್, ಬೆಳ್ಳಿ ತೊಳೆಯುವ ದ್ರಾವಣ, ಯಾವುದನ್ನೂ ದಯವಿಟ್ಟು ಹತ್ತಿರ ತರಬೇಡಿ. ಕಪ್ಪಾಗಿದ್ದರೆ ಕಪ್ಪಾಗಿಯೇ ಇರಲಿ.

ನಿಮ್ಮ ನಾಣ್ಯದಲ್ಲಿ ಗೆರೆಗಳು ಅಕ್ಷರದ ಬುಡದಲ್ಲಿ ನಿಲ್ಲುತ್ತಿದ್ದರೆ ಅದು ಪ್ರೂಫ್‌ಲೈಕ್. ಕನ್ನಡಿ ಎಷ್ಟು ಆಳ ಅಂತಲೂ ಅಳೆಯಬಹುದು. ಅಚ್ಚಾದ ಹಾಳೆಯೊಂದನ್ನು ನಾಣ್ಯದ ಪಕ್ಕ ನೇರವಾಗಿ ನಿಲ್ಲಿಸಿ. ನಾಣ್ಯದ ಖಾಲಿ ಜಾಗದಲ್ಲಿ ಆ ಅಕ್ಷರಗಳು ಎಷ್ಟು ದೂರದವರೆಗೆ ಓದಲು ಸಿಗುತ್ತವೆ ನೋಡಿ. ಎರಡು ಮೂರು ಇಂಚಿನವರೆಗೆ ಸ್ಪಷ್ಟ ಇದ್ದರೆ ಪ್ರೂಫ್‌ಲೈಕ್. ಐದಾರು ಇಂಚು ದಾಟಿದರೂ ಓದಲು ಬಂದರೆ ಅದಕ್ಕೆ ‘ಡೀಪ್ ಮಿರರ್’ ಅನ್ನುತ್ತಾರೆ, ಬೆಲೆ ಇನ್ನೂ ಜಾಸ್ತಿ. ಇದು ಅಂದಾಜಿನ ಅಳತೆ. ಎರಡೂ ಬದಿ ಹಾಗೆಯೇ ಇರಬೇಕು ಅನ್ನುವುದು ಮರೆಯಬೇಡಿ. ಒಂದೇ ಬದಿ ಕನ್ನಡಿಯಾಗಿದ್ದರೆ ಆ ಹೆಸರು ಸಿಗುವುದಿಲ್ಲ.

1896ರ ನಾಣ್ಯದ ಕಥೆ ಬೇರೆ. ಅಕ್ಷರ ಇಲ್ಲ, ಅಂದರೆ ಫಿಲಡೆಲ್ಫಿಯಾ. ಆ ವರ್ಷ ಅಲ್ಲಿ ಸುಮಾರು 99 ಲಕ್ಷ 76 ಸಾವಿರ ಮಾಮೂಲಿ ಡಾಲರ್ ಒತ್ತಿದರು, ಪ್ರೂಫ್ 762. ಇಲ್ಲಿ ಅಕ್ಷರ ನೋಡಿ ತೀರ್ಮಾನ ಮಾಡಲು ಆಗುವುದಿಲ್ಲ, ನಾಣ್ಯವನ್ನೇ ಓದಬೇಕು.

ಪ್ರೂಫ್ ಒತ್ತುವಾಗ ಅಚ್ಚನ್ನು ಮಾತ್ರವಲ್ಲ, ಒತ್ತುವ ಬೆಳ್ಳಿ ಬಿಲ್ಲೆಯನ್ನೂ ನಯ ಮಾಡುತ್ತಿದ್ದರು. ಪದಕ ಒತ್ತುವ ಯಂತ್ರದಲ್ಲಿ ಒಂದೊಂದಾಗಿ, ನಿಧಾನವಾಗಿ, ಜಾಸ್ತಿ ಒತ್ತಡ ಹಾಕಿ ಒತ್ತುತ್ತಿದ್ದರು. ಇದರ ಗುರುತು ಮೊದಲು ಕಾಣುವುದು ಅಂಚಿನಲ್ಲಿ. ನಾನು ಯಾವ ನಾಣ್ಯ ಬಂದರೂ ಹೊಳಪು ನೋಡುವ ಮೊದಲು ಅಂಚು ನೋಡುತ್ತೇನೆ. ಜೋರಾದ ಒತ್ತಿಗೆ ಬೆಳ್ಳಿ ಅಚ್ಚಿನ ಕೊನೆಯ ಮೂಲೆಯವರೆಗೆ ನುಗ್ಗುತ್ತದೆ. ಅದರಿಂದ ಪ್ರೂಫ್‌ನ ಅಂಚುಪಟ್ಟಿ ಮೇಲೆ ಸಪಾಟು, ಒಳಗೂ ಹೊರಗೂ ಚೌಕ. ಮಾಮೂಲಿ ನಾಣ್ಯದ ಅಂಚು ಸ್ವಲ್ಪ ದುಂಡಗೆ ಇಳಿದಿರುತ್ತದೆ. ಈಗಷ್ಟೇ ಬಿಚ್ಚಿದ ಸೋಪಿನ ಅಂಚಿಗೂ ನಾಲ್ಕು ದಿನ ಬಳಸಿದ ಸೋಪಿನ ಅಂಚಿಗೂ ಇರುವ ವ್ಯತ್ಯಾಸ ನೆನೆಸಿಕೊಳ್ಳಿ. ಅಂಚಿನ ಒಳಗೆ ಸುತ್ತಲೂ ಇರುವ ಸಣ್ಣ ಹಲ್ಲುಗಳು ಕೂಡ ಪ್ರೂಫ್‌ನಲ್ಲಿ ಒಂದೊಂದೂ ಬಿಡಿಬಿಡಿಯಾಗಿ ನಿಂತಿರುತ್ತವೆ.

ಆಮೇಲೆ ಕಿವಿಯ ಮೇಲಿನ ಕೂದಲು, ಹದ್ದಿನ ಎದೆಯ ಗರಿ. ಈ ಎರಡು ಜಾಗ ನಾಣ್ಯದ ಎರಡು ಬದಿಯಲ್ಲಿ ಎದುರುಬದುರು ಬೀಳುತ್ತವೆ, ಹಾಗಾಗಿ ಲೋಹ ಸಾಲದೆ ಚಿತ್ರ ಚಪ್ಪಟೆ ಆಗುವುದು ಅಲ್ಲೇ. ನ್ಯೂ ಆರ್ಲಿಯನ್ಸ್‌ನ ಎಷ್ಟೋ ಡಾಲರ್‌ಗಳಲ್ಲಿ ಹದ್ದಿನ ಎದೆ ನುಣ್ಣಗೆ ಇರುತ್ತದೆ, ಸವೆದದ್ದಲ್ಲ, ಹುಟ್ಟಿನಿಂದಲೇ ಹಾಗೆ. ಪ್ರೂಫ್‌ನಲ್ಲಿ ಸಾಮಾನ್ಯವಾಗಿ ಗರಿಗರಿಯೂ ಎದ್ದು ಕಾಣುತ್ತದೆ. ಆದರೆ ಇದೊಂದನ್ನೇ ನಂಬಬೇಡಿ. ಚೆನ್ನಾಗಿ ಒತ್ತಿದ ಮಾಮೂಲಿ ನಾಣ್ಯಗಳೂ ಬೇಕಾದಷ್ಟಿವೆ, ಸ್ಯಾನ್ ಫ್ರಾನ್ಸಿಸ್ಕೊದವು ಅದಕ್ಕೆ ಸಾಕ್ಷಿ.

ಇನ್ನು ಕನ್ನಡಿ. ಪ್ರೂಫ್‌ನ ಖಾಲಿ ಜಾಗ ಬೆಳಕು ತಾಗದಾಗ ಕಪ್ಪಗೆ, ಬಾವಿಯ ನೀರಿನ ಹಾಗೆ ಕಾಣುತ್ತದೆ. ಅಕ್ಷರಗಳ ನಡುವಿನ ಸಣ್ಣ ಸಂದಿಯಲ್ಲೂ ಅದೇ ಆಳ ಇರುತ್ತದೆ. ಓಲಾಡಿಸಿದರೆ ಚಕ್ರ ಸುತ್ತುವುದಿಲ್ಲ, ಬೆಳಕು ಒಮ್ಮೆಗೇ ಹೊತ್ತಿ ಒಮ್ಮೆಗೇ ಆರುತ್ತದೆ. ಪ್ರೂಫ್‌ಲೈಕ್‌ನಲ್ಲಿ ಕನ್ನಡಿಯ ಹಿಂದೆ ಎಲ್ಲೋ ಒಂದಿಷ್ಟು ಚಕ್ರದ ಮಿಂಚು ಉಳಿದಿರುತ್ತದೆ. ಒಂದು ಸಲ ಎರಡನ್ನೂ ಅಕ್ಕಪಕ್ಕ ಇಟ್ಟು ನೋಡಿದವರಿಗೆ ಮತ್ತೆ ಮರೆಯುವುದಿಲ್ಲ.

ಮುಖ ಬಿಳಿ ಮಂಜಿನ ಹಾಗಿದ್ದು ಸುತ್ತ ಕಪ್ಪು ಕನ್ನಡಿ ಇದ್ದರೆ ಪ್ರೂಫ್ ಅಂತ ಬಹಳ ಜನ ಹೇಳುತ್ತಾರೆ. ಇದೂ ಅರ್ಧ ಸತ್ಯ. 1896ರಿಂದ 1898ರವರೆಗಿನ ಪ್ರೂಫ್‌ಗಳಲ್ಲಿ ಈ ಕಪ್ಪುಬಿಳುಪು ಅದ್ಭುತವಾಗಿದೆ. ಆದರೆ 1902ರಿಂದ 1904ರವರೆಗಿನ ಪ್ರೂಫ್‌ಗಳಲ್ಲಿ ಮುಖವೂ ಖಾಲಿ ಜಾಗದಷ್ಟೇ ಹೊಳೆಯುತ್ತದೆ, ಬಿಳುಪು ಕಾಣುವುದೇ ಕಷ್ಟ. ಇತ್ತ ಒಳ್ಳೆಯ ಪ್ರೂಫ್‌ಲೈಕ್ ನಾಣ್ಯಗಳಲ್ಲೂ ಮುಖ ಬೆಳ್ಳಗೆ ಇರುತ್ತದೆ. ಮಾರ್ಗನ್ ನಂತರ ಬಂದ ಪೀಸ್ ಡಾಲರ್ ನೋಡಿದರೆ ಇನ್ನೂ ಅಚ್ಚರಿ. 1921, 1922ರಲ್ಲಿ ಒತ್ತಿದ ಅದರ ಕೆಲವೇ ಕೆಲವು ಪ್ರೂಫ್‌ಗಳಲ್ಲಿ ಕನ್ನಡಿಯೇ ಇಲ್ಲ, ಮಂಕು ಮರಳಿನಂಥ ಮೇಲ್ಮೈಯವು ಅದರಲ್ಲಿವೆ.

ಗಾಯಗಳೂ ಮಾತಾಡುತ್ತವೆ. ಮಾಮೂಲಿ ಡಾಲರ್ ಯಂತ್ರದಿಂದ ಉದುರಿ ಬೇರೆ ನಾಣ್ಯದ ಮೇಲೆ ಬೀಳುತ್ತಿತ್ತು. ಸಾವಿರ ನಾಣ್ಯ ಒಂದು ಚೀಲಕ್ಕೆ, ಚೀಲ ಸುಮಾರು 27 ಕೆ.ಜಿ. ಅದನ್ನು ಎತ್ತಿ ಎಸೆದು ಸಾಗಿಸುತ್ತಿದ್ದರು. ಪೇಟೆಗೆ ಹೋಗದೆ ಖಜಾನೆಯಲ್ಲೇ ಉಳಿದ ನಾಣ್ಯದ ಕೆನ್ನೆಯ ಮೇಲೂ ಸಣ್ಣ ಕಚ್ಚುಗಳು ಇರುವುದು ಇದರಿಂದ. ಪ್ರೂಫ್ ಚೀಲಕ್ಕೆ ಹೋಗಲೇ ಇಲ್ಲ. ಅದು ಸಂಗ್ರಾಹಕರ ಕೈಗೆ ಹೋಯಿತು, ಅವರು ಧೂಳು ಕಂಡಾಗಲೆಲ್ಲ ಮೆತ್ತನೆಯ ಬಟ್ಟೆಯಲ್ಲಿ ಒರೆಸಿದರು. ಹಾಗಾಗಿ ಪ್ರೂಫ್‌ನಲ್ಲಿ ಕಚ್ಚು ಕಡಿಮೆ, ಕೂದಲೆಳೆ ಗೀರು ಜಾಸ್ತಿ. ನಿಮ್ಮ 1896ರದ್ದು ಕನ್ನಡಿ ಹಾಗಿಲ್ಲ ಅಂತ ನೀವೇ ಬರೆದಿದ್ದೀರಿ. ಬೆಳಕು ಚಕ್ರದ ಹಾಗೆ ಸುತ್ತಿ, ಕೆನ್ನೆಯ ಮೇಲೆ ಕಚ್ಚುಗಳಿದ್ದು, ಅಂಚು ದುಂಡಗಿದ್ದರೆ ಅದು ಚೆನ್ನಾಗಿ ಉಳಿದ ಮಾಮೂಲಿ ನಾಣ್ಯ. ಅದರಲ್ಲಿ ಬೇಸರಪಡುವಂಥದ್ದು ಏನೂ ಇಲ್ಲ.

1895ರ ಮಾತು ಇಲ್ಲಿ ಹೇಳಲೇಬೇಕು, ಜನ ಮೋಸ ಹೋಗುವುದು ಅಲ್ಲೇ. ಆ ವರ್ಷ ಫಿಲಡೆಲ್ಫಿಯಾದಲ್ಲಿ 880 ಪ್ರೂಫ್ ಒತ್ತಿದರು. ಟಂಕಸಾಲೆಯ ಲೆಕ್ಕದ ಪುಸ್ತಕದಲ್ಲಿ 12,000 ಮಾಮೂಲಿ ನಾಣ್ಯ ಅಂತಲೂ ಇದೆ, ಆದರೆ ಅಂಥ ಒಂದು ನಾಣ್ಯವೂ ಇವತ್ತಿನವರೆಗೆ ಸಿಕ್ಕಿಲ್ಲ. ಹಾಗಾಗಿ ಅಕ್ಷರ ಇಲ್ಲದ 1895 ಬೇಕು ಅಂದರೆ ಪ್ರೂಫ್ ಒಂದೇ ದಾರಿ. ಮೋಸಗಾರರು 1895ರ ನ್ಯೂ ಆರ್ಲಿಯನ್ಸ್ ಅಥವಾ ಸ್ಯಾನ್ ಫ್ರಾನ್ಸಿಸ್ಕೊ ನಾಣ್ಯದ ಅಕ್ಷರವನ್ನು ಕೆರೆದು ತೆಗೆಯುತ್ತಾರೆ. ರಿಬ್ಬನ್ ಗಂಟಿನ ಕೆಳಗೆ ಭೂತಗನ್ನಡಿ ಹಿಡಿದರೆ ಆ ಜಾಗದ ಹೊಳಪು ಸುತ್ತಲಿನ ಹಾಗಿರುವುದಿಲ್ಲ, ಸ್ವಲ್ಪ ತಗ್ಗೂ ಕಾಣಬಹುದು. ಆಗಲೂ ಅಂಚು ನೋಡಿ. ಅಕ್ಷರ ಕೆರೆಯಬಹುದು, ದುಂಡಗಿನ ಅಂಚನ್ನು ಚೌಕ ಮಾಡುವುದು ಸುಲಭ ಅಲ್ಲ.

ಆ 12,000 ಎಲ್ಲಿ ಹೋದವು? ಒತ್ತಿದ್ದೇ ನಿಜವಾಗಿದ್ದರೆ 1918ರ ಕುಲುಮೆಗೆ ಬಿದ್ದಿರಬೇಕು ಅನ್ನುವ ಒಂದು ವಾದ ಇದೆ. ಆ ವರ್ಷ ಬಂದ ಪಿಟ್‌ಮನ್ ಕಾಯ್ದೆಯ ಕೆಳಗೆ ಅಮೆರಿಕ 27 ಕೋಟಿಗೂ ಜಾಸ್ತಿ ಬೆಳ್ಳಿ ಡಾಲರ್ ಕರಗಿಸಿತು. ಅದರಲ್ಲಿ ಬಹುಪಾಲು, ಸುಮಾರು 26 ಕೋಟಿ ಡಾಲರ್‌ಗಳ ಬೆಳ್ಳಿ ಬ್ರಿಟನ್ ಮೂಲಕ ಬಂದದ್ದು ನಮ್ಮ ದೇಶಕ್ಕೆ. ಯುದ್ಧದ ಸಮಯ, ಕಾಗದದ ನೋಟು ಬೇಡ, ಬೆಳ್ಳಿ ರೂಪಾಯಿ ಕೊಡಿ ಅಂತ ಇಲ್ಲಿ ಜನ ಕೇಳುತ್ತಿದ್ದರು. ಆ ಬೆಳ್ಳಿ ಇಲ್ಲಿ ಐದನೇ ಜಾರ್ಜ್ ರೂಪಾಯಿ ಆಯಿತು. ನಿಮ್ಮ ಮನೆಯಲ್ಲಿ 1918ರಿಂದ 1920ರ ನಡುವಿನ ಒಂದು ಬೆಳ್ಳಿ ರೂಪಾಯಿ ಇದ್ದರೆ, ಅದರೊಳಗೆ ಮಾರ್ಗನ್ ಡಾಲರ್‌ನ ಬೆಳ್ಳಿ ಇರುವ ಸಾಧ್ಯತೆ ಚೆನ್ನಾಗಿಯೇ ಇದೆ. ನನಗೆ ಈ ಎರಡು ನಾಣ್ಯಗಳನ್ನು ಒಂದೇ ಡಬ್ಬಿಯಲ್ಲಿ ಇಡಬೇಕು ಅನಿಸುವುದು ಅದಕ್ಕೇ.

ಗ್ರೇಡಿಂಗ್ ಬಗ್ಗೆ ಒಂದು ಎಚ್ಚರಿಕೆ. ಅಮೆರಿಕಕ್ಕೆ ಕಳಿಸಿ ಸರ್ಟಿಫಿಕೇಟ್ ತರಿಸಿ ಅಂತ ಯಾರಾದರೂ ಹೇಳಬಹುದು. ನಮ್ಮಲ್ಲಿ 1972ರ ಕಾಯ್ದೆಯ ಪ್ರಕಾರ ನೂರು ವರ್ಷ ದಾಟಿದ ನಾಣ್ಯ ಪ್ರಾಚೀನ ವಸ್ತು, ಅದನ್ನು ಖಾಸಗಿಯವರು ದೇಶದಿಂದ ಹೊರಗೆ ಕಳಿಸುವಂತಿಲ್ಲ. ವಿದೇಶದ ನಾಣ್ಯ ತಾನೇ ಅಂತ ಅಂಚೆಗೆ ಹಾಕಬೇಡಿ. ಪುರಾತತ್ವ ಇಲಾಖೆಯಲ್ಲಿ ವಿಚಾರಿಸದೆ ಏನೂ ಮಾಡಬೇಡಿ. ಮೊದಲು ತೂಕ ಮಾಡಿ. ಆಭರಣದ ಅಂಗಡಿಯ ತಕ್ಕಡಿಯಲ್ಲಿ 26.7 ಗ್ರಾಂ ಆಸುಪಾಸು ಬರಬೇಕು. ಒಂದು ಗ್ರಾಂ ವ್ಯತ್ಯಾಸ ಬಂದರೆ, ಅಯಸ್ಕಾಂತಕ್ಕೆ ಅಂಟಿದರೆ, ಪ್ರೂಫ್ ಮಾತು ಬಿಡಿ, ನಾಣ್ಯವೇ ಅಸಲಿಯಾ ಅಂತ ಕೇಳಬೇಕಾಗುತ್ತದೆ. ಮಾರ್ಗನ್ ಡಾಲರ್‌ನ ನಕಲು ಈಗ ಬಹಳ ಓಡಾಡುತ್ತಿವೆ.

ಕೊನೆಗೆ ಆ ಕಂದು ಡಬ್ಬಿ. ನೀವು ಅದರ ಬಗ್ಗೆ ಒಂದೇ ಸಾಲು ಬರೆದಿದ್ದೀರಿ, ಆದರೆ ಮೂರರಲ್ಲಿ ಪ್ರೂಫ್ ಇದ್ದರೆ ಅದೇ ಇರಬೇಕು. ಅದು ಐಸೆನ್‌ಹೋವರ್ ಡಾಲರ್. 1971ರಿಂದ ಸ್ಯಾನ್ ಫ್ರಾನ್ಸಿಸ್ಕೊದಲ್ಲಿ ಸಂಗ್ರಾಹಕರಿಗಾಗಿ ನೂರಕ್ಕೆ 40 ಪಾಲು ಬೆಳ್ಳಿಯ ನಾಣ್ಯ ಒತ್ತಿದರು, ತೂಕ 24.59 ಗ್ರಾಂ. ಪ್ರೂಫ್‌ಗೆ ಕಂದು ಡಬ್ಬಿ, ಆಗಿನ ಬೆಲೆ ಹತ್ತು ಡಾಲರ್. ಪ್ರೂಫ್ ಅಲ್ಲದ್ದಕ್ಕೆ ನೀಲಿ ಲಕೋಟೆ, ಮೂರು ಡಾಲರ್. ಎರಡರ ಮೇಲೂ ಇಸವಿಯ ಮೇಲ್ಗಡೆ ‘ಎಸ್’ ಅಕ್ಷರವೇ ಇದೆ. ಹಾಗಾಗಿ ಇಲ್ಲಿ ಅಕ್ಷರ ಏನೂ ಹೇಳುವುದಿಲ್ಲ, ಮಾರ್ಗನ್‌ಗೆ ಹೇಳಿದ್ದು ಇದಕ್ಕೆ ಬರುವುದಿಲ್ಲ. ನಮ್ಮ 1969ರ ಗಾಂಧಿ ಹತ್ತು ರೂಪಾಯಿ ಬೆಳ್ಳಿ ನಾಣ್ಯದಲ್ಲಿ ಮುಂಬೈ ಟಂಕಸಾಲೆ ಪ್ರೂಫ್‌ಗೆ ‘ಬಿ’ ಅಂತ ಬೇರೆ ಅಕ್ಷರವನ್ನೇ ಹಾಕಿತ್ತು, ಅಂಥ ಅನುಕೂಲ ಈ ಡಾಲರ್‌ನಲ್ಲಿ ಇಲ್ಲ. ಡಬ್ಬಿಯನ್ನೇ ನಂಬಬೇಡಿ, ಯಾರಾದರೂ ಬದಲಾಯಿಸಿರಬಹುದು. ಪ್ಲಾಸ್ಟಿಕ್ ಮೇಲಿಂದಲೇ ನೋಡಿ: ಖಾಲಿ ಜಾಗ ಕಪ್ಪು ಕನ್ನಡಿ, ಅಂಚು ಚೌಕ, ಚಕ್ರದ ಬೆಳಕು ಇಲ್ಲ ಅಂದರೆ ಪ್ರೂಫ್. ಆ ವರ್ಷ ಇಂಥ 18 ಲಕ್ಷಕ್ಕೂ ಜಾಸ್ತಿ ಪ್ರೂಫ್ ಒತ್ತಿದ್ದರಿಂದ ಬೆಲೆ ಸಾಮಾನ್ಯವಾಗಿ ಅದರ ಬೆಳ್ಳಿಯ ಬೆಲೆಗಿಂತ ಬಹಳ ಮೇಲೇನೂ ಹೋಗುವುದಿಲ್ಲ. 1881ರದ್ದು ಪ್ರೂಫ್ ಅಲ್ಲದಿದ್ದರೂ, ಮೇಲೆ ಹೇಳಿದ ಗೆರೆಗಳ ಪರೀಕ್ಷೆಯಲ್ಲಿ ಗೆದ್ದರೆ, ಮೂರರಲ್ಲಿ ಜಾಸ್ತಿ ಬೆಲೆ ಬರುವುದು ಅದಕ್ಕೇ. ಎರಡು ಮಾರ್ಗನ್‌ಗಳನ್ನೂ ಪಿವಿಸಿ ಇಲ್ಲದ ಗಟ್ಟಿ ಪ್ಲಾಸ್ಟಿಕ್ ಡಬ್ಬಿಗೆ ಬೇರೆ ಬೇರೆಯಾಗಿ ಹಾಕಿ. 1972ರದ್ದು ಇದ್ದಲ್ಲೇ ಇರಲಿ, ಸೀಲ್ ಬಿಚ್ಚಬೇಡಿ.